ಎರಡು ಗೆರೆ ನೋಡಿ ಬಾಯಿಬಿಟ್ಟೆ

ನನ್ನ ಆರೋಗ್ಯದ ಬಗ್ಗೆ ನನಗೆ ಅಪಾರ ವಿಶ್ವಾಸವಿತ್ತು. ಆದ್ದರಿಂದಲೇ, ದೇವನಹಳ್ಳಿ ಏರ್‌ಪೋರ್ಟ್ ಬಳಿಯ ನಮ್ಮ ಗೋಡೌನ್‌ನಲ್ಲಿ ಉಚಿತ ತಪಾಸಣೆ ನಡೆದಾಗ ಎಲ್ಲರಿಗಿಂತ ಮೊದಲು ಬೆರಳು ಚಾಚಿದ ಮಹಾಶಯ ನಾನೇ! ಒಂದು ಹನಿ ರಕ್ತ. ಟೆಸ್ಟ್ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು.

“ಲಿವರ್ ವೈರಸ್ ಪಾಸಿಟಿವ್ ತೋರಿಸ್ತಿದೆ. ತಾಲ್ಲೂಕು ಆಸ್ಪತ್ರೇಲಿ ಇನ್ನೊಂದು ಟೆಸ್ಟ್ ಮಾಡಿಸಿ,” ಎಂದರು ಸಿಸ್ಟರ್.

“ಈ ಟೆಸ್ಟ್ ಎಷ್ಟು ಸರಿ ಮೇಡಂ?”

“ರೋಗ ಇರೋರನ್ನ ಹೆಚ್ಚುಕಮ್ಮಿ ಯಾರನ್ನೂ ಬಿಡಲ್ಲ.”

ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆ. ರಿಪೋರ್ಟ್ ಬರಲು ಮೂರು ದಿನ. ಕಣ್ಣು ಹಳದಿಯಾಯಿತೇ ಎಂದು ಗಂಟೆಗೊಮ್ಮೆ ರೆಪ್ಪೆ ಎಳೆದು ನೋಡಿ ನೋಡಿ ಕೆಂಪಾಯಿತು! ನಿಜವಾಗಿಯೂ ಹೆದರಿದ್ದೆ; ಮನೆಯಲ್ಲೂ ವಿಷಯ ಹೇಳಿದ್ದೆ. ಮೂರನೇ ದಿನ ಪಾಪನಿವೇದನೆಗೆ ನಿರ್ಧರಿಸಿ ಹೆಂಡತಿಯನ್ನು ಕರೆದೆ.

“ರತ್ನಾ, ನಿನ್ ತಮ್ಮನ ಬಗ್ಗೆ ವಿಚಾರಿಸೋಕೆ ಹೊಸಕೋಟೆ ಹೆಣ್ಣಿನ ಕಡೆಯೋರು ಬಂದಿದ್ರಲ್ಲ… ಹುಡುಗ ಸೋಮಾರಿ ಅಂತ ಹೇಳಿ ಆ ಸಂಬಂಧ ತಪ್ಪಿಸಿದ್ದು ನಾನೇ ಕಣೇ.”

“ಅಯ್ಯೋ, ಯಾಕ್ರೀ?”

“ಯುಗಾದಿಗೆ ಅವ್ನು ಮನೆಗೆ ಬಂದು ಕರೀಲಿಲ್ಲ. ಫೋನಲ್ಲೇ ಕರೆದ.”

ಅವಳು ಕಣ್ಣೊರೆಸಿಕೊಂಡಳು. “ಹೋಗ್ಲಿ ಬಿಡಿ. ನೀವು ಹುಷಾರಾದ್ರೆ ಸಾಕು.” ನನಗೂ ಅಳು ಬಂತು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ರಿಪೋರ್ಟ್ ನೋಡಿ, “ನಿಮಗೇನೂ ಇಲ್ಲ,” ಎಂದರು.

“ಮತ್ತೆ ಆ ಎರಡು ಗೆರೆ?”

“ಏನ್ ಕೆಲ್ಸ ಮಾಡ್ತೀರಾ?”

“ಗೋಡೌನ್ ಗೇಟಲ್ಲಿ ಸೆಕ್ಯೂರಿಟಿ. ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಎಲ್ಲರನ್ನೂ ಚೆಕ್ ಮಾಡ್ತೀನಿ.”

“ಅದು ಕುಂಯ್ ಅಂದಾಗೆಲ್ಲ ಕಳ್ಳ ಸಿಗ್ತಾನಾ?”

“ಎಲ್ಲಿ ಮೇಡಂ! ಬೆಲ್ಟು, ಬೀಗದ ಕೈ, ತಾಯಿತ… ನಾಲ್ಕು ವರ್ಷದಲ್ಲಿ ಒಬ್ಬ ಕಳ್ಳನೂ ಸಿಕ್ಕಿಲ್ಲ.”

“ಇದೂ ಅಷ್ಟೇ. ಅಪರೂಪದ ರೋಗಕ್ಕೆ ಎಲ್ಲರನ್ನೂ ಚೆಕ್ ಮಾಡಿದ್ರೆ ಸುಮ್ಸುಮ್ನೆ ಕೂಗೋದೇ ಜಾಸ್ತಿ. ಅದಕ್ಕೇ ಎರಡನೇ ಟೆಸ್ಟ್.”

ದಿನವಿಡೀ ಅದೇ ಡಿಟೆಕ್ಟರ್ ಹಿಡಿದು ನಿಲ್ಲುವ ನನಗೆ ಇದು ಹೊಳೆದಿರಲಿಲ್ಲ! ಸಂತೋಷದಿಂದ ಹೆಂಡತಿಯ ಕಡೆ ತಿರುಗಿದೆ. ಅವಳ ಮುಖದಲ್ಲಿ ನಿನ್ನೆಯ ಕರುಣೆ ಇರಲಿಲ್ಲ.

“ಹುಷಾರಾಗಿದೀರಲ್ಲ,” ಎಂದಳು. “ಈಗ ಹೇಳಿ. ನನ್ ತಮ್ಮ ಸೋಮಾರೀನಾ?”

ಅಂದಿನಿಂದ ಪ್ರತಿ ಭಾನುವಾರ ಬಾಮೈದನಿಗೆ ಹೆಣ್ಣು ಹುಡುಕುತ್ತ ದೊಡ್ಡಬಳ್ಳಾಪುರದಿಂದ ನೆಲಮಂಗಲದವರೆಗೆ ಅಲೆಯುತ್ತಿದ್ದೇನೆ. ಹೋದಲ್ಲೆಲ್ಲ, “ಹುಡುಗ ಅಪ್ಪಟ ಚಿನ್ನ!” ಎಂದು ಎದೆ ತಟ್ಟಿ ಹೇಳುತ್ತೇನೆ.

ಹೆಣ್ಣಿನ ತಂದೆಯರು ನಕ್ಕು ಕಾಫಿ ಕೊಡುತ್ತಾರೆ. “ನೀವು ಭಾವ ಅಲ್ವಾ, ಹಂಗೇ ಹೇಳ್ತೀರಾ. ಇನ್ನೊಬ್ಬರನ್ನ ಕೇಳ್ತೀವಿ ಬಿಡಿ!”