ಎರಡು ಕೋಡಿನ ಅಡಾಪ್ಟರ್

ಪ್ಲಾಸ್ಟರ್ ಬಿಚ್ಚಿ ವಾರವಾದರೂ ಅಮ್ಮ ಕಾಲು ನೆಲಕ್ಕೂರಿರಲಿಲ್ಲ. "ಮೂಳೆ ಕೂಡಿದೆ, ನಡೀರಿ" ಎಂದು ಡಾಕ್ಟರು ಹೇಳಿಯಾಗಿತ್ತು. ಧೈರ್ಯ ಇನ್ನೂ ಕೂಡಿರಲಿಲ್ಲ. ಒಬ್ಬಳನ್ನೇ ಬಿಟ್ಟು ಹೋಗುವುದು ಹೇಗೆಂದು, ಅಚ್ಚುಮನೆಯಲ್ಲಿ ಕರಡು ತಿದ್ದುವ ಮಗ ಮನೆಯಿಂದಲೇ ಕೆಲಸ ಮಾಡಲು ಮ್ಯಾನೇಜರರ ಅಪ್ಪಣೆ ಬೇಡಿದ.

"ಇವತ್ತು ನಾಲ್ಕಕ್ಕೆ ನಿಮ್ಮ ಮನೆ ಕಂಪ್ಯೂಟರಿಂದ ಮುಖ ತೋರಿಸಿ. ಕಂಡ್ರೆ ಮನೆ, ಕಾಣದಿದ್ರೆ ಆಫೀಸು."

ಮೇಲಿನ ಮನೆಯವರು ತಮ್ಮ ವೈಫೈ ಬಳಸಿಕೊಳ್ಳಿ ಎಂದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹಳೇ ಕಂಪ್ಯೂಟರಿಗೆ ಕ್ಯಾಮೆರಾ ಎಂಬ ಕಣ್ಣಿತ್ತು, ವೈಫೈ ಹಿಡಿಯುವ ಕಿವಿ ಇರಲಿಲ್ಲ. ಅದಕ್ಕೊಂದು ಅಡಾಪ್ಟರ್ ಕೊಳ್ಳಬೇಕಿತ್ತು.

"ಉಗುರಿನಷ್ಟಿರೋದು ತಗೊಳ್ಳಪ್ಪ. ಚಿಕ್ಕದಾದಷ್ಟೂ ಹೊಸದು," ಎಂದರು ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು.

"ಉಗುರಲ್ಲಿ ಯಾರಾದ್ರೂ ನೀರು ಹಿಡೀತಾರಾ ಮೇಷ್ಟ್ರೇ? ಬೊಗಸೆ ಬೇಕು! ಕೋಡಿನ ಹಾಗೆ ಎರಡು ಆಂಟೆನಾ ಇರೋದು ತಗೊಳ್ಳಣ್ಣ," ಎಂದ ಎದುರಂಗಡಿ ಟೈಲರ್.

ಹಿರಿಯರ ಮಾತೆಂದು ಉಗುರನ್ನೇ ತಂದ. ಕಂಪ್ಯೂಟರಿದ್ದದ್ದು ಅಮ್ಮನ ಮಂಚದ ಬಳಿ, ಮೂಲೆಯ ಕೋಣೆಯಲ್ಲಿ. ಸಿಗ್ನಲ್ ಅಲ್ಲಿಗಿಳಿಯುವಷ್ಟರಲ್ಲಿ ಬೆಟ್ಟ ಹತ್ತಿದ ಮುದುಕನಂತೆ ಬಸವಳಿದು ಕೂರುತ್ತಿತ್ತು. ಮತ್ತೆ ಅಂಗಡಿಗೆ ಓಟ.

"ಮೂಲೆ ಕೋಣೆಗೆ ಅಂತ ಮೊದಲೇ ಹೇಳಬಾರ್ದಾ ಸಾರ್? ಗೋಡೆ ಎಣಿಸಿ ಕೊಡ್ತಿದ್ದೆ," ಎನ್ನುತ್ತ ಅಂಗಡಿಯವ ಎರಡು ಕೋಡಿನದನ್ನು ಉದ್ದನೆ ವಯರಿನ ಸಮೇತ ಬದಲಿಸಿಕೊಟ್ಟ.

ಮೇಷ್ಟ್ರು ಕೋನ ಅಳೆದರು, ಟೈಲರ್ ಟೇಪು ಹಿಡಿದ. ಕೋಣೆಯೆಲ್ಲ ಸುತ್ತಿ, ಕಿಟಕಿಯ ಪಕ್ಕ ತಲೆಗಿಂತ ಒಂದು ಗೇಣು ಮೇಲೆ ಹಿಡಿದಾಗ ಮಾತ್ರ ಸಂಪರ್ಕ ನಿಂತಿತು. ಅಲ್ಲಿ ಮೊಳೆ ಇರಲಿಲ್ಲ, ಗಂಟೆ ನಾಲ್ಕಾಗಿತ್ತು.

"ನಾನಿದ್ದೀನಲ್ಲಣ್ಣ!" ಎಂದು ಟೈಲರ್ ಕೈಯೆತ್ತಿ ನಿಂತ.

ಮ್ಯಾನೇಜರ್ ಪರದೆಯ ಮೇಲೆ ಮೂಡಿದರು. "ಕಾಣ್ತಿದೀರಿ. ಪುಟ ಕಳಿಸಿದೀನಿ, ತಿದ್ದಿ ವಾಪಸ್ ಹಾಕಿ."

ಅಷ್ಟರಲ್ಲಿ ಬೀದಿಯಿಂದ ಗಿರಾಕಿಯ ಕೂಗು: "ಏನಯ್ಯಾ ಟೈಲರ್, ನನ್ ಪ್ಯಾಂಟು?" ಟೈಲರ್ ಕೋಡನ್ನು ಮೇಷ್ಟ್ರ ಕೈಗೆ ತುರುಕಿ ಓಡಿದ. ಮೇಷ್ಟ್ರು ಲೆಕ್ಕದಲ್ಲಿ ಎತ್ತರ, ಆಳು ಗಿಡ್ಡ. ಮ್ಯಾನೇಜರ್ ಬಾಯಿ ತೆರೆದಂತೆಯೇ ಕಲ್ಲಾದರು.

"ಅಯ್ಯೋ, ಹೋಯ್ತು!" ಎಂದು ಮಗ ತಲೆ ಮೇಲೆ ಕೈಹೊತ್ತ.

ಏನಾಯಿತೋ, ಮರುಗಳಿಗೆ ಮ್ಯಾನೇಜರರಿಗೆ ಜೀವ ಬಂತು. ಮಗ ಹಿಂದೆ ತಿರುಗದೆ, ಉಸಿರು ಬಿಗಿಹಿಡಿದು ಪುಟ ತಿದ್ದಿ ಕಳಿಸಿದ.

"ಭೇಷ್, ಒಂದು ತಪ್ಪೂ ಉಳಿದಿಲ್ಲ. ಅಂದಹಾಗೆ, ನಿಮ್ಮ ಹಿಂದೆ ನಿಂತಿರೋರು ಯಾರು?"

ತಿರುಗಿ ನೋಡಿದ. ಮಂಚ ಖಾಲಿ. ಅದರಿಂದ ನಾಲ್ಕು ಹೆಜ್ಜೆ ದೂರ, ಕಿಟಕಿಯ ಪಕ್ಕ, ಎರಡು ಕೋಡನ್ನೂ ಮೇಲೆತ್ತಿ ಹಿಡಿದು...

"ಅಮ್ಮ," ಎಂದ.

"ಏಳೋಕೇ ಆಗಲ್ಲ ಅಂದಿದ್ರಲ್ಲ, ಅವರೇನಾ?"

"ಹೌದು ಸಾರ್. ಈಗಷ್ಟೇ ಎದ್ದಿದಾಳೆ."

"ದೇವರು ದೊಡ್ಡೋನು ಕಣ್ರೀ! ಹಾಗಾದ್ರೆ ನಾಳೆ ಒಂಬತ್ತಕ್ಕೆ ಆಫೀಸಿಗೆ ಬನ್ನಿ."

ಪರದೆ ಆರಿತು.

"ಏನಂದ್ರೋ? ಒಪ್ಪಿದ್ರಾ?" ಎಂದಳು ಅಮ್ಮ, ಎತ್ತಿದ ಕೈ ಇಳಿಸದೆ.

ಮಗ ಆರಿದ ಪರದೆಯನ್ನೊಮ್ಮೆ, ನೆಲಕ್ಕೂರಿದ ಅಮ್ಮನ ಕಾಲನ್ನೊಮ್ಮೆ ನೋಡಿದ.

"ಸಾಲಲಿಲ್ವಾ? ತಡಿ, ಇನ್ನೊಂಚೂರು ಮೇಲೆ ಹಿಡೀತೀನಿ," ಎಂದು ಅಮ್ಮ ತುದಿಗಾಲಲ್ಲಿ ನಿಂತಳು.