ಉತ್ತರಕ್ಕೆ ಜರುಗಿದ ಹಿಟ್ಟಿನ ಗಿರಣಿ

ನೆಂಟರಿಷ್ಟರ ನಡುವೆ ಬಾಳುವವನು ತನಗೊಂದು ವಿದ್ಯೆ ಗೊತ್ತೆಂದು ಬಾಯಿ ಬಿಡಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳಿಗೆ ಉಳುಕು ತೆಗೆಯಲು ಬರುತ್ತಿತ್ತು. ಅದರ ಫಲವಾಗಿ ಅವಳು ಯಾವ ಮದುವೆಯಲ್ಲೂ ಬಿಸಿ ಊಟ ಉಂಡವಳಲ್ಲ. ಎಲೆಯ ಮುಂದೆ ಕೂತ ಕೂಡಲೇ ಯಾರಾದರೂ ಸೊಂಟ ಹಿಡಿದುಕೊಂಡು ಬಂದು ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನನಗೆ ಉಳುಕು ತೆಗೆಯಲು ಬರುವುದಿಲ್ಲ. ನನಗೆ ಬರುತ್ತದೆಂದು ಎಲ್ಲರೂ ನಂಬಿರುವ ವಿದ್ಯೆ ಕಂಪ್ಯೂಟರು. ಆಫೀಸಿನಲ್ಲಿ ಆರು ದಿನ ತರಬೇತಿ ಕೊಟ್ಟಿದ್ದರು. ಮೊದಲ ಮೂರು ದಿನ ಅದನ್ನು ಹಚ್ಚುವುದು ಹೇಗೆಂದು, ಉಳಿದ ಮೂರು ದಿನ ಆರಿಸುವುದು ಹೇಗೆಂದು. ನಡುವೆ ಏನು ಮಾಡಬೇಕೆಂಬುದನ್ನು ನಾನೇ ಊಹಿಸಿಕೊಂಡೆ. ಆದರೆ ಬಸವೇಶ್ವರನಗರದ ಒಂದು ನಾಮಕರಣದಲ್ಲಿ ನನ್ನ ಹೆಂಡತಿ, "ನಮ್ಮವರಿಗೆ ಇಂಟರ್ನೆಟ್ಟೆಲ್ಲ ಬೆರಳ ತುದೀಲಿ" ಎಂದುಬಿಟ್ಟಳು. ನಾನು ಇಲ್ಲವೆನ್ನಬಹುದಿತ್ತು. ಆದರೆ ಹೆಂಡತಿ ಹತ್ತು ಜನರೆದುರು ಹೊಗಳುವುದು ಹನ್ನೆರಡು ವರ್ಷಕ್ಕೊಮ್ಮೆ. ಹೋಳಿಗೆ ಬಾಯಲ್ಲಿಟ್ಟುಕೊಂಡು ಸುಮ್ಮನೆ ತಲೆಯಾಡಿಸಿದೆ.

ಆ ತಲೆಯಾಡಿಕೆಯನ್ನು ಕಣ್ಣಾರೆ ಕಂಡವರಲ್ಲಿ ನನ್ನ ಹೆಂಡತಿಯ ಅಕ್ಕನ ಗಂಡ ಪುಟ್ಟಸ್ವಾಮಿ ಭಾವನೂ ಒಬ್ಬರು. ಅವರದು ಅತ್ತಿಗುಪ್ಪೆಯಲ್ಲಿ ಹಿಟ್ಟಿನ ಗಿರಣಿ. ಇಪ್ಪತ್ತಾರು ವರ್ಷದಿಂದ ರಾಗಿ, ಗೋಧಿ, ಅಕ್ಕಿ, ಜೋಳ ಬೀಸಿ ಬೀಸಿ ಅವರ ಹುಬ್ಬು ವಯಸ್ಸಿಗೆ ಮುಂಚೆಯೇ ಬೆಳ್ಳಗಾಗಿತ್ತು. ಭಾನುವಾರ ಸ್ನಾನ ಮಾಡಿದಾಗ ಮಾತ್ರ ಅದು ಕಪ್ಪೆಂದು ತಿಳಿಯುತ್ತಿತ್ತು. ವಿಜಯನಗರದ ಕಡೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಜನ ಪೊಟ್ಟಣದ ಹಿಟ್ಟಿಗೆ ತಿರುಗಿದ್ದರು. ಗಿರಣಿಯ ಮುಂದೆ ಸಾಲಾಗಿ ಇರುತ್ತಿದ್ದ ಡಬ್ಬಗಳು ನಾಲ್ಕಕ್ಕೆ ಇಳಿದಿದ್ದವು. ಅದರಲ್ಲೂ ಒಂದು ಅವರ ಮನೆಯದೇ. ಕೆಂಗೇರಿಯಿಂದ ಒಬ್ಬ ಬಂದು, "ಯಂತ್ರ ಕೊಟ್ಬಿಡಿ ಯಜಮಾನ್ರೇ, ನಾನು ಕೋಳಿ ತಿಂಡಿ ಬೀಸ್ಕೋತೀನಿ" ಎಂದು ಕೇಳಿಹೋಗಿದ್ದ. ಭಾವ ಯುಗಾದಿಯವರೆಗೆ ಗಡುವು ಕೇಳಿದ್ದರು. ಅಷ್ಟರೊಳಗೆ ಹೊಸ ಗಿರಾಕಿ ಕುದುರಿದರೆ ಸರಿ, ಇಲ್ಲದಿದ್ದರೆ ಯಂತ್ರ ಕೆಂಗೇರಿಗೆ. "ಕೋಳಿಗೆ ಬೀಸೋಕ್ಕೇನಯ್ಯಾ ನಾನು ಅದಕ್ಕೆ ಇಪ್ಪತ್ತಾರು ವರ್ಷ ಆಯುಧಪೂಜೆ ಮಾಡಿದ್ದು?" ಎಂದು ನನ್ನ ಮುಂದೆ ಹೇಳಿಕೊಂಡಿದ್ದರು.

ಇಂಥ ಹೊತ್ತಿನಲ್ಲಿ ಬಿಜಾಪುರದ ಕಡೆಯಿಂದ ಹೊಸದಾಗಿ ಬಂದಿದ್ದ ಒಬ್ಬ ಹೆಂಗಸು ಜೋಳದ ಚೀಲ ಹೊತ್ತು ಗಿರಣಿ ಮುಟ್ಟಿದಳಂತೆ. ಬಂದವಳೇ, "ಯಣ್ಣಾ, ನಿಮ್ಮ ಗಿರಣಿ ಹುಡುಕೂದ್ರಾಗ ನನ್ನ ಜೋಳ ಮೊಳಕಿ ಒಡೀತಿತ್ತ ನೋಡ್ರಿ! ನಮ್ಮ ಮನಿಯವ್ರು ಇಂಟರ್ನೆಟ್ಟಿನಾಗ ನಿನ್ನಿ ಸಂಜೀತನಾ ಹುಡುಕಿದ್ರು. ಬರೇ ಬ್ಯೂಟಿ ಪಾರ್ಲರ್ ಬರ್ತಾವ. ನೀವೂ ಅದ್ರಾಗ ಹೆಸರು ಹಾಕ್ಸಬೇಕಿಲ್ಲೋ?" ಎಂದು ತರಾಟೆಗೆ ತೆಗೆದುಕೊಂಡಳು. ಅದೇ ಸಂಜೆ ಭಾವ ಮಾರೇನಹಳ್ಳಿಯ ನಮ್ಮ ಮನೆಗೆ ಬಂದು ಕೂತರು. ನಾನು ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದೆ.

ಊರಿನ ಅಂಗಡಿಗಳನ್ನು ನಕ್ಷೆಯಲ್ಲಿ ಸೇರಿಸುವ ಪುಟವೊಂದು ಹೇಗೋ ಸಿಕ್ಕಿತು. ಮೊದಲು ಹೆಸರು, ಆಮೇಲೆ ಯಾವ ಬಗೆಯ ವ್ಯಾಪಾರ ಎಂಬ ಪಟ್ಟಿ. ಪಟ್ಟಿಯಲ್ಲಿ ಜಗತ್ತಿನ ಸಮಸ್ತ ಕಸುಬುಗಳಿದ್ದವು. ಕುದುರೆಗೆ ಲಾಳ ಹೊಡೆಯುವವನಿದ್ದ, ಹಿಟ್ಟಿನ ಗಿರಣಿ ಇರಲಿಲ್ಲ. "ಬೇಕರಿ ಅಂತ ಹಾಕಲಾ ಭಾವ?" ಎಂದೆ. "ಬೇಡ ಕಣಯ್ಯಾ, ಪಫ್ಸ್ ಕೇಳ್ಕೊಂಡ್ ಬರ್ತಾರೆ." ಕೊನೆಗೆ ಕಾರ್ಖಾನೆ ಎಂದು ಹಾಕಿದೆವು. ಭಾವ ಕೂತಲ್ಲೇ ಸ್ವಲ್ಪ ನೆಟ್ಟಗಾದರು. ಅಂಗಡಿ ತೆರೆದಿರುವ ವೇಳೆ ಕೇಳಿದ್ದಕ್ಕೆ, "ಬೆಳಗ್ಗೆ ಎಂಟರಿಂದ ಕರೆಂಟ್ ಹೋಗೋವರೆಗೆ" ಎಂದರು. ಆ ಪುಟ ಗಂಟೆಯನ್ನು ಬಿಟ್ಟು ಬೇರೇನನ್ನೂ ಒಪ್ಪಲಿಲ್ಲ. ಸಂಜೆ ಆರು ಎಂದು ಬರೆದೆ. ಪ್ರಪಂಚಕ್ಕೆಲ್ಲ ಸುಳ್ಳು ಹೇಳಿದಂತಾಯಿತಲ್ಲ ಎಂದು ಅವರು ಕಾಫಿ ಆರುವವರೆಗೆ ಪೇಚಾಡಿದರು. "ಮೆಣಸಿನಕಾಯಿ ಮಂಗಳವಾರ ಮಾತ್ರ, ಮಿಕ್ಕ ದಿನ ತಂದ್ರೆ ಘಾಟು ಹೊಡೆಯುತ್ತೆ ಅಂತ ದಪ್ಪಕ್ಷರದಲ್ಲಿ ಬರಿ" ಎಂದು ಅಪ್ಪಣೆಯಾಯಿತು. ಬರೆದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ಹೇಳಬೇಕಾಗಿರಲಿಲ್ಲ. ಕೊನೆಯಲ್ಲಿ ಪರದೆಯ ಮೇಲೆ ಅತ್ತಿಗುಪ್ಪೆಯ ನಕ್ಷೆ ಬಂತು. ಅದರ ಮೇಲೊಂದು ಕೆಂಪು ಗುಂಡುಸೂಜಿ. ಅದನ್ನು ಹಿಡಿದೆಳೆದು ಗಿರಣಿ ಇರುವ ಜಾಗದಲ್ಲಿ ಚುಚ್ಚಬೇಕು. ಚುಚ್ಚಿದೆ. ಭಾವ ಕನ್ನಡಕ ಒರೆಸಿಕೊಂಡು ನೋಡಿದರು. "ಬಾಗಿಲು ಯಾವ ಕಡೆಗಿದೆ ಇದರಲ್ಲಿ?"

"ಎಲ್ಲಿರುತ್ತೆ ಭಾವ, ಇರೋ ಕಡೆನೇ. ದಕ್ಷಿಣಕ್ಕೆ."

"ಅದೇ ನಮಗೆ ಹೊಡೀತಿರೋದು!" ಎಂದು ಅವರು ತೊಡೆ ತಟ್ಟಿಕೊಂಡರು. ವಾಸ್ತು ನೋಡುವವರೊಬ್ಬರು ದಕ್ಷಿಣದ ಬಾಗಿಲಿಗೆ ಲಕ್ಷ್ಮಿ ಬರುವುದಿಲ್ಲ, ಉತ್ತರಕ್ಕೆ ತಿರುಗಿಸಿ ಎಂದು ಹಿಂದೆಯೇ ಹೇಳಿದ್ದರಂತೆ. ಬಾಡಿಗೆ ಕಟ್ಟಡ, ಗೋಡೆ ಒಡೆಯಲು ಮಾಲೀಕರು ಬಿಟ್ಟಿರಲಿಲ್ಲ. "ಇಲ್ಲಿ ಯಾವ ಮಾಲೀಕ? ಯಾವ ಗಾರೆಯವನು? ನೀನು ಹಿಂದಿನ ರಸ್ತೆಗೆ ಜರುಗಿಸು, ತಾನಾಗೇ ಉತ್ತರದ ಬಾಗಿಲಾಗುತ್ತೆ."

ಈಗ ನನ್ನ ತಪ್ಪೊಪ್ಪಿಗೆ. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಮನೆಯಲ್ಲಿ ಒಂದು ಕುರ್ಚಿ ಜರುಗಿಸಬೇಕಾದರೂ ಹೆಂಡತಿಯನ್ನು ಕೇಳಬೇಕಾದವನ ಕೈಗೆ ಇಡೀ ಒಂದು ಗಿರಣಿಯನ್ನು ಬೆರಳಿನಿಂದ ಜರುಗಿಸುವ ಅಧಿಕಾರ ಬಂದರೆ ಅವನ ಬುದ್ಧಿ ನೆಟ್ಟಗಿರುತ್ತದೆಯೇ? ಭಾವ ಗಡಿಯಾರ ನೋಡಿ ರಾಹುಕಾಲ ಇಲ್ಲವೆಂದು ಖಚಿತಪಡಿಸಿಕೊಂಡರು. ನಾನು ಗುಂಡುಸೂಜಿಯನ್ನು ಎಳೆದು ಹಿಂದಿನ ರಸ್ತೆಯಲ್ಲಿ ಊರಿದೆ. ನನ್ನ ಹೆಂಡತಿ ಕಂಪ್ಯೂಟರಿಗೆ ಕುಂಕುಮವಿಟ್ಟಳು.

ಇನ್ನೊಂದು ವಿಧಿ ಬಾಕಿ ಇತ್ತು. ಗಿರಣಿ ನಿಜವಾಗಿಯೂ ಇದೆಯೇ ಎಂದು ತಿಳಿಯಲು ಆ ನಕ್ಷೆಯವರು ಗಿರಣಿಯ ಫೋನಿಗೆ ಕರೆ ಮಾಡಿ ನಾಲ್ಕು ಅಂಕಿ ಹೇಳುತ್ತಾರೆ, ಅದನ್ನು ಪುಟದಲ್ಲಿ ತುಂಬಬೇಕು. ಅದನ್ನು ಭಾವನಿಗೆ ಹೇಳಲು ನಾನು ಮರೆತೆ. ಮಾರನೇ ದಿನ ಗಿರಣಿಗೆ ಹೋದಾಗ ಅವರು ಮುಖ ಸಿಂಡರಿಸಿಕೊಂಡು ಕೂತಿದ್ದರು. "ಯಾವಳೋ ಇಂಗ್ಲಿಷ್ ಹುಡುಗಿ ಫೋನ್ ಮಾಡಿದ್ಲು ಕಣಯ್ಯಾ. ನಾಲ್ಕು ಕೇಜಿ, ಏಳು ಕೇಜಿ, ಎರಡು ಕೇಜಿ, ಮತ್ತೆ ಏಳು ಕೇಜಿ. ಗೋಧಿನೇನಮ್ಮ, ರಾಗಿನೇನಮ್ಮ ಅಂತ ಎಷ್ಟು ಕೇಳಿದ್ರೂ ಅದನ್ನೇ ಹೇಳ್ತಾಳೆ. ನೈಸಾಗಿ ಬೇಕೋ ತರಿತರಿಯಾಗಿ ಬೇಕೋ ಅಂದ್ರೆ ಫೋನ್ ಇಟ್ಬಿಟ್ಲು." ಪುಣ್ಯಕ್ಕೆ ಆರ್ಡರನ್ನು ಸ್ಲೇಟಿನ ಮೇಲೆ ಬರೆದಿಟ್ಟಿದ್ದರು. ನಾಲ್ಕು ಏಳು ಎರಡು ಏಳು ತುಂಬಿದೆ. ಗಿರಣಿ ಇದೆಯೆಂದು ಪ್ರಪಂಚ ಒಪ್ಪಿತು.

ಒಂದು ತಿಂಗಳು ಕಳೆಯಿತು. ಬಾಗಿಲಿಗೆ ಒಬ್ಬ ಹೊಸಬನೂ ಬರಲಿಲ್ಲ. ಆದರೆ ಫೋನುಗಳು ಬರತೊಡಗಿದವು. "ಸಾರ್, ನಿಮ್ಮ ಬಾಗಿಲ ಮುಂದೇನೇ ಇದೀನಿ, ನೀವೆಲ್ಲಿ?" ಭಾವ ಹೊರಗೆ ಬಂದು ನೋಡುವರು. ನರಪಿಳ್ಳೆ ಇರುತ್ತಿರಲಿಲ್ಲ. "ನಾನೂ ಬಾಗಿಲಲ್ಲೇ ಇದೀನಲ್ಲಪ್ಪ!" "ಕಾಣ್ತಿಲ್ವಲ್ಲ ಸಾರ್." "ಎಂಥಾ ಕಾಲ ಬಂತಯ್ಯಾ, ಇಬ್ರೂ ಒಂದೇ ಬಾಗಿಲಲ್ಲಿ ನಿಂತಿದೀವಿ, ಒಬ್ರಿಗೊಬ್ರು ಕಾಣಲ್ಲ" ಎಂದು ನನ್ನ ಹತ್ತಿರ ಹೇಳಿಕೊಂಡು, ಯಾರೋ ಮಾಟ ಮಾಡಿಸಿರಬೇಕೆಂದು ನಿಂಬೆಹಣ್ಣು ಕಟ್ಟಿದರು. ಯುಗಾದಿಗೆ ಹದಿನೈದು ದಿನ ಉಳಿದಿತ್ತು. ಕೆಂಗೇರಿಯವನು ಫೋನ್ ಮಾಡಿ, ಲಾರಿ ಗೊತ್ತುಮಾಡಲೇ ಎಂದು ಕೇಳಿದ್ದ.

ಆ ಶನಿವಾರ ನಾನು ಗಿರಣಿಯಲ್ಲಿದ್ದಾಗ ಅರವತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಅಡಿಕೋಲು ಹಿಡಿದು ಒಳಗೆ ಬಂದರು. ಹಿಂದಿನ ರಸ್ತೆಯ ಶಾರದಮ್ಮ ಮೇಡಂ, ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾನು ಸೂಜಿ ಊರಿದ್ದು ಸರಿಯಾಗಿ ಅವರ ಗೇಟಿನಲ್ಲಿ.

"ಗಿರಣಿ ಯಾರದ್ರೀ? ಒಂದು ತಿಂಗಳಿಂದ ಜನ ಡಬ್ಬ ಹೊತ್ಕೊಂಡು ನಮ್ಮನೆ ಗಂಟೆ ಒತ್ತುತಾರೆ. 'ಇಲ್ಲಿ ಹಿಟ್ಟು ಬೀಸುವುದಿಲ್ಲ' ಅಂತ ಬೋರ್ಡ್ ಬರೆದು ಹಾಕಿದೆ. ಅದನ್ನ ಓದಿ, 'ಮತ್ಯಾವತ್ತು ಬೀಸ್ತೀರಾ ಆಂಟಿ' ಅಂತಾರೆ! ನಿನ್ನೆ ಒಬ್ಬ ನಮ್ಮ ಡ್ರಾಯಿಂಗ್ ರೂಮಲ್ಲಿ ಕೂತು ಪೇಪರ್ ಓದ್ತಿದಾನೆ. ಸರದಿ ಕಾಯ್ತಿದಾನಂತೆ!"

ನಾನು ಗೋಧಿ ಮೂಟೆಯ ಹಿಂದೆ ಸರಿದೆ. ಭಾವ ಮಾತ್ರ ಯಂತ್ರ ನಿಲ್ಲಿಸಿ, ಕೈಮುಗಿದು ಕೇಳಿದರು. "ಎಷ್ಟು ಜನ ಬಂದಿದ್ರು ಮೇಡಂ?"

"ಹಾಜರಿ ತಗೊಂಡಿದೀನಿ. ಹತ್ತೊಂಬತ್ತು."

ಭಾವನ ಬಿಳಿ ಹುಬ್ಬಿನ ಕೆಳಗೆ ಕಣ್ಣು ತುಂಬಿ ಬಂತು. "ನೋಡಿದ್ಯಾ? ಇಪ್ಪತ್ತಾರು ವರ್ಷದಲ್ಲಿ ದಕ್ಷಿಣದ ಬಾಗಿಲಿಗೆ ತಿಂಗಳಿಗೆ ಹತ್ತೊಂಬತ್ತು ಹೊಸಬರು ಬಂದಿದ್ದೇ ಇಲ್ಲ. ಉತ್ತರಕ್ಕೆ ಮಾಡಿದ್ದೇ ತಡ!"

"ಭಾವ, ವಾಸ್ತುಗಲ್ಲ, ನಕ್ಷೆ ನೋಡಿ ಬಂದಿದಾರೆ. ಸೂಜಿನ ಸರಿಯಾದ ಜಾಗಕ್ಕೆ ಚುಚ್ಚಿದ್ರೆ ಇಲ್ಲಿಗೇ ಬರ್ತಾರೆ."

"ದಕ್ಷಿಣಕ್ಕೆ ಚುಚ್ಚಿದ್ರೆ ಯಾರಯ್ಯಾ ಬರ್ತಾರೆ? ಮುಟ್ಟಬೇಡ ಅದನ್ನ!"

ಸೂಜಿ ಅಲ್ಲೇ ಇದ್ದರೆ ಗಿರಾಕಿ ಗಿರಣಿ ಮುಟ್ಟುವುದಿಲ್ಲವೆಂದು ನಾನು. ತೆಗೆದರೆ ಗಿರಾಕಿಯೇ ಹುಟ್ಟುವುದಿಲ್ಲವೆಂದು ಭಾವ. ನಾವಿಬ್ಬರೂ ಅರ್ಧ ಗಂಟೆ ಕೂಗಾಡಿದೆವು. ಕೊನೆಗೆ ಮೇಡಂ ಅಡಿಕೋಲಿನಿಂದ ಯಂತ್ರಕ್ಕೆ ಒಂದು ಬಡಿದು, "ಸೈಲೆನ್ಸ್!" ಎಂದರು. ಇಬ್ಬರೂ ಕೈಕಟ್ಟಿ ನಿಂತೆವು. ಅವರು ಗಿರಣಿಯ ಹಿಂಗೋಡೆಯತ್ತ ನೋಡುತ್ತಿದ್ದರು. ಅಲ್ಲಿ ಹರಿದ ಚೀಲ, ಸವೆದ ಬೀಸುಕಲ್ಲುಗಳ ಹಿಂದೆ ಒಂದು ಬಾಗಿಲು ಮುಚ್ಚಿಹೋಗಿತ್ತು. ಅದರಾಚೆ ಕಿರುಗಲ್ಲಿ. ಗಲ್ಲಿಯ ಎರಡೂ ತುದಿಯಲ್ಲಿ ಯಾರೋ ಬಚ್ಚಲುಮನೆ ಕಟ್ಟಿಕೊಂಡಿದ್ದರಿಂದ ಅದಕ್ಕೆ ಉಳಿದ ದಾರಿ ಒಂದೇ, ಶಾರದಮ್ಮ ಮೇಡಂ ಮನೆಯ ಪಕ್ಕದ ಓಣಿ. ಓಣಿ ಅವರದಾದ್ದರಿಂದ ಉತ್ತರಕ್ಕಿದ್ದ ಆ ಬಾಗಿಲನ್ನು ಭಾವ ಬಾಗಿಲೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಹತ್ತೊಂಬತ್ತು ಜನರಿಗೆ ದಾರಿ ಹೇಳೋದಕ್ಕಿಂತ ದಾರಿ ಬಿಡೋದು ಸುಲಭ" ಎಂದರು ಮೇಡಂ. "ನನ್ನ ಓಣೀಲಿ ಬರಲಿ. ಆದ್ರೆ ಸಾಲಾಗಿ ಬರಬೇಕು. ಮೆಣಸಿನಕಾಯಿ ತಂದ್ರೆ ಕೆಮ್ಮು ಬರುತ್ತೆ, ಮಂಗಳವಾರ ನಾನು ಮಗಳ ಮನೇಲಿರ್ತೀನಿ, ಆವಾಗ ತರಲಿ."

ಹೀಗೆ ನಕ್ಷೆಯನ್ನು ತಿದ್ದುವ ಬದಲು ಅತ್ತಿಗುಪ್ಪೆಯನ್ನೇ ತಿದ್ದಿದ್ದಾಯಿತು. ಮೂಟೆಗಳು ಮುಂಬಾಗಿಲಿಗೆ ಅಡ್ಡ ಬಂದವು, ಹಿಂಬಾಗಿಲು ತೆರೆಯಿತು. ಮೇಡಂ ಓಣಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಡಬ್ಬದ ಮುಚ್ಚಳ ತೆಗೆಸಿ ಪರೀಕ್ಷೆ ಮಾಡುತ್ತಿದ್ದರು. "ಕಲ್ಲು ಆರಿಸಿಲ್ಲ. ಹೋಗಿ, ಆರಿಸ್ಕೊಂಡ್ ಬನ್ನಿ." ಜನ ಹೋಗಿ ಆರಿಸಿಕೊಂಡು ಬರುತ್ತಿದ್ದರು. ಅಷ್ಟು ಕಟ್ಟುನಿಟ್ಟು ಇರಬೇಕಾದರೆ ಹಿಟ್ಟು ಚೆನ್ನಾಗಿಯೇ ಇರಬೇಕೆಂದು ಸುದ್ದಿ ಹಬ್ಬಿತು.

ಯುಗಾದಿಯ ಮಾರನೇ ದಿನ ಕೆಂಗೇರಿಯವನು ಲಾರಿಯೊಂದಿಗೆ ಬಂದ. ಮುಂಬಾಗಿಲು ಮುಚ್ಚಿದ್ದು ಕಂಡು, ಯಾರನ್ನೋ ಕೇಳಿಕೊಂಡು ಓಣಿಗೆ ಬಂದನಂತೆ. ಮುಂದೆ ಹನ್ನೊಂದು ಜನ. ಮುಕ್ಕಾಲು ಗಂಟೆ ನಿಂತು ಮೇಡಂ ಎದುರಿಗೆ ತಲುಪಿದ. "ಡಬ್ಬ ಎಲ್ಲಿ?" "ಡಬ್ಬ ಇಲ್ಲ ಮೇಡಂ, ನಾನು ಬಂದಿದ್ದು ಯಂತ್ರ..." "ಡಬ್ಬ ಇಲ್ದೆ ಗಿರಣಿಗೆ ಬರ್ತೀರಾ? ನೆಕ್ಸ್ಟ್!" ಅವನು ಹಿಂದಿನ ಸಾಲನ್ನೊಮ್ಮೆ, ಒಳಗೆ ಹಾಡುತ್ತಿದ್ದ ಯಂತ್ರದ ಕಡೆಗೊಮ್ಮೆ ನೋಡಿ, ಲಾರಿ ತಿರುಗಿಸಿಕೊಂಡು ಹೋದ. ಭಾವನಿಗೆ ಅವನು ಬಂದುಹೋದದ್ದು ತಿಳಿದದ್ದೇ ಸಂಜೆ. ಆ ರಾತ್ರಿ ಅವರ ಮನೆಯಲ್ಲಿ ಪಾಯಸ.

ಇದಾದ ಮೇಲೆ ಒಂದು ದಿನ ನಾನೂ ಐದು ಕೇಜಿ ಗೋಧಿ ಹಿಡಿದು ಹೋದೆ. ನೆಂಟ ಎಂಬ ಸಲುಗೆಯಿಂದ ಸಾಲು ತಪ್ಪಿಸಿ ಮುಂದೆ ನುಗ್ಗಿದೆ. ಮೇಡಂ ನನ್ನನ್ನು ಗುರುತಿಸಿ, ಅಡಿಕೋಲಿನಿಂದ ಸಾಲಿನ ಬಾಲವನ್ನು ತೋರಿಸಿದರು. ಹೋಗಿ ನಿಂತೆ. ನನ್ನ ಮುಂದೆ ಡಬ್ಬ ಹಿಡಿದಿದ್ದ ಹುಡುಗಿಯೊಬ್ಬಳು ತಿರುಗಿ ನನ್ನ ಬಕ್ಕತಲೆಯನ್ನೂ ಗೋಧಿ ಚೀಲವನ್ನೂ ಮರುಕದಿಂದ ನೋಡಿದಳು.

"ದಾರಿ ಹುಡುಕೋದು ಕಷ್ಟ ಆಯ್ತಾ ಅಂಕಲ್? ಇಂಟರ್ನೆಟ್ಟಲ್ಲಿ ಕರೆಕ್ಟಾಗಿ ಹಾಕಿದಾರೆ, ಸೀದಾ ಗೇಟಿಗೇ ಕರ್ಕೊಂಡ್ ಬರುತ್ತೆ. ನಿಮ್ಮನೇಲಿ ಯಾರಾದ್ರೂ ತಿಳಿದೋರು ಇದ್ರೆ ಕೇಳಿ, ತೋರಿಸ್ತಾರೆ."

"ಹೆಂಡತೀನ ಕೇಳ್ತೀನಮ್ಮ" ಎಂದು ಚೀಲವನ್ನು ಕೆಳಗಿಟ್ಟು, ಗೋಧಿಯಲ್ಲಿ ಕಲ್ಲು ಆರಿಸತೊಡಗಿದೆ.