ಹದಿಮೂರು ಡಿಗ್ರಿಯ ಕಾವಲು

ಚೀಟಿ ಅಂಟಿಸಿದ್ದೇ ತಪ್ಪಾಯಿತು. 'ಇಂದು ಈ ಬಾಗಿಲು ತೆರೆಯಬಾರದು' ಎಂದು ತಳಿ ವಿಜ್ಞಾನಿ ಶೀತಕೋಣೆಯ ಬಾಗಿಲ ಮೇಲೆ ಬರೆದು ಹಾಕಿದ ಮೇಲೆಯೇ ಇಡೀ ಕಚೇರಿಗೆ ಆ ಬಾಗಿಲಿನ ನೆನಪಾದದ್ದು.

ಒಳಗಿದ್ದದ್ದು ಭತ್ತ. ಚಳಿಗೆ ಜಗ್ಗದ ಬೆಟ್ಟದ ತಳಿಯನ್ನು ಹೆಚ್ಚು ಇಳುವರಿಯ ತಳಿಗೆ ಕೂಡಿಸಿದ್ದ. ಬೆಟ್ಟದ ತಳಿಯ ಚಳಿ ತಡೆಯುವ ಆ ಒಂದು ಜೀನ್ ಮಿಶ್ರತಳಿಯ ಬೀಜಗಳಿಗೆ ಬಂದಿದೆಯೇ ಎಂದು ನೋಡಲು ಅರವತ್ತು ಬಟ್ಟಲುಗಳನ್ನು ಹದಿಮೂರು ಡಿಗ್ರಿಯಲ್ಲಿ ಇಟ್ಟಿದ್ದ. ಇವತ್ತು ಹತ್ತನೆಯ ದಿನ. ನಾಲ್ಕು ಗಂಟೆಗೆ ನಿರ್ದೇಶಕರು ಬಂದು ಮೊಳಕೆ ನೋಡುತ್ತಾರೆ. ಮೊಳೆತರೆ ಬಡ್ತಿ, ಬೆಚ್ಚಗಿನ ಕೋಣೆಯಲ್ಲಿ ಕುರ್ಚಿ. ಇಲ್ಲದಿದ್ದರೆ ಇನ್ನೈದು ವರ್ಷ ಇದೇ ಥಂಡಿ. ಆರು ವರ್ಷದಿಂದ ಮೂಗು ಒರೆಸಿಕೊಂಡೇ ಬದುಕಿದ್ದವನಿಗೆ ಸಾಕುಸಾಕಾಗಿತ್ತು.

ಮೊದಲು ಗುಮಾಸ್ತ ಊಟದ ಡಬ್ಬಿ ಹಿಡಿದು ಬಂದ. "ಒಂದ್ನಿಮಿಷ ಸಾರ್, ಮೂಲೇಲಿ ಇಟ್ಬಿಡ್ತೀನಿ. ಈ ಸೆಕೆಗೆ ಹಳಸಿಹೋಗುತ್ತೆ."

"ಇದು ನಿಮ್ಮನೆ ಫ್ರಿಜ್ಜೇನ್ರೀ? ಬಿಸಿಗಾಳಿ ಹೋದ್ರೆ ಪರೀಕ್ಷೆನೇ ಕೆಡುತ್ತೆ!"

"ಬೆಚ್ಚಗಾದ್ರೆ ಬೇಗ ಮೊಳೆಯುತ್ತಲ್ಲ, ಒಳ್ಳೇದೇ ಅಲ್ವಾ?"

ವಿಜ್ಞಾನಿ ಹಣೆ ಚಚ್ಚಿಕೊಂಡ. "ಬೆಚ್ಚಗಿದ್ರೆ ಯಾವ ಭತ್ತಾನಾದ್ರೂ ಮೊಳೆಯುತ್ತೆ ಸ್ವಾಮೀ! ಇದು ಚಳೀಲಿ ಮೊಳೀಬೇಕು!"

ಅವನನ್ನು ಅಟ್ಟುವಷ್ಟರಲ್ಲಿ ಚಾಲಕ ತನ್ನ ತಾಯಿಯ ಕಣ್ಣಿನ ಔಷಧಿಯನ್ನು ತಣ್ಣಗಿಡಲು ತಂದ. ಅವನ ಹಿಂದೆಯೇ ಟೈಪಿಸ್ಟ್ ಅಮ್ಮ. "ಪಾಪ, ಬೀಜಕ್ಕೆ ಒಂದು ಶಾಲಾದ್ರೂ ಹೊದಿಸಬಾರದೇನಪ್ಪಾ? ನಿಂಗೆ ಕರುಳೇ ಇಲ್ವಾ?"

ಆಕೆಗೆ ಉತ್ತರಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಗುಮಾಸ್ತನ ಕೈ ಮತ್ತೆ ಚಿಲಕಕ್ಕೆ ಬಂತು. ವಿಜ್ಞಾನಿಗೆ ರೇಗಿಹೋಯಿತು. "ನಿಮ್ಮ ಸಹವಾಸವೇ ಬೇಡ!" ಎಂದು ತೆಳು ಅಂಗಿಯಲ್ಲೇ ಒಳಗೆ ನುಗ್ಗಿ ಅಗುಳಿ ಹಾಕಿಕೊಂಡ. ಆಗ ಹನ್ನೆರಡು ಗಂಟೆ. ಹೊರಗೆ ಯಾರು ಎಷ್ಟು ಬಡಿದರೂ ತೆಗೆಯಲಿಲ್ಲ.

ನಾಲ್ಕಕ್ಕೆ ನಿರ್ದೇಶಕರ ದನಿ ಕೇಳಿ ಅಗುಳಿ ಸರಿಸಿದಾಗ ಅವನ ತುಟಿ ನೀಲಿಗಟ್ಟಿತ್ತು. ಆದರೆ ಇಪ್ಪತ್ತಮೂರನೆಯ ಬಟ್ಟಲಿನಲ್ಲಿ ಐವತ್ತಕ್ಕೆ ನಲವತ್ತೇಳು ಕಾಳು ಮೊಳೆತಿದ್ದವು! ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಣ್ಣಲ್ಲಿ ನೀರೇ ಬಂತು.

"ಎಷ್ಟು ಹೊತ್ತಿಂದ ಒಳಗಿದ್ರಿ?" ನಿರ್ದೇಶಕರು ಕೇಳಿದರು.

"ನಾ... ನಾಲ್ಕು ಗಂಟೆ ಸಾರ್."

"ಈ ಅಂಗೀಲಿ?"

ಅವರು ಬಟ್ಟಲನ್ನು ನೋಡಿದರು. ಆಮೇಲೆ ಅವನನ್ನೂ ಅದೇ ಕಣ್ಣಿನಿಂದ ನೋಡಿದರು.

"ಬಡ್ತಿ ಇವತ್ತೇ ಬರೀತೀನಿ. ಈ ತಳೀನ ಇನ್ನು ಹಿಮ ಬೀಳೋ ಬೆಟ್ಟದ ಕೇಂದ್ರದಲ್ಲಿ ಬೆಳೆದು ನೋಡ್ಬೇಕು. ಅಲ್ಲಿಗೆ ಕಳಿಸಿದವರೆಲ್ಲ ವಾರದಲ್ಲೇ ಓಡಿಬಂದ್ರು. ಚಳಿ ತಡೆಯೋ ಬೀಜ ಹುಡುಕ್ತಿದ್ದೆ, ಮನುಷ್ಯನೂ ಸಿಕ್ಬಿಟ್ಟ ನೋಡಿ! ಹತ್ತು ವರ್ಷ ನೀವೇ ಅಲ್ಲಿಯ ಮುಖ್ಯಸ್ಥರು."

ಬೇಡ ಎನ್ನಲು ವಿಜ್ಞಾನಿ ಬಾಯಿ ತೆರೆದ. ಹಲ್ಲು ಕಟಕಟ ಎಂದವೇ ಹೊರತು ಮಾತು ಹೊರಡಲಿಲ್ಲ. ನಡುಕಕ್ಕೆ ತಲೆ ಮಾತ್ರ ಮೇಲೆ ಕೆಳಗೆ ಆಡುತ್ತಲೇ ಇತ್ತು.

"ಒಪ್ಪಿದ್ರಲ್ಲ, ಬಹಳ ಸಂತೋಷ," ಎಂದು ನಿರ್ದೇಶಕರು ಅವನ ಕೈ ಕುಲುಕಿದರು.